ಚುಕ್ಕಿಯ ಪಕ್ಕೆಗಂಟಿದ ಹುಲ್ಲು

ದಿನಾ ಬೆಳಿಗ್ಗೆ ಆರೂವರೆಗೆ ನನ್ನ ಫೋನಿಗೆ ಒಂದು ಫೋಟೋ ಬರುತ್ತದೆ. ಪುಣೆಯ ಆಚೆ ಪಿರಂಗುಟ್ ಹತ್ತಿರದ ಲಾಯದಿಂದ, ನನ್ನ ಕುದುರೆ ಚುಕ್ಕಿಯನ್ನು ನೋಡಿಕೊಳ್ಳುವ ಕಾಕಾ ಕಳಿಸುತ್ತಾರೆ. ಅದರಲ್ಲಿ ಕುದುರೆಯ ಮುಖ ಇರುವುದಿಲ್ಲ, ಬರೀ ಪಕ್ಕೆ. ಅದರ ಮೇಲೆ ಭತ್ತದ ಹುಲ್ಲು ಅಂಟಿದೆಯಾ ಇಲ್ಲವಾ, ನಾನು ನೋಡುವುದು ಅಷ್ಟೇ. ಅಂಟಿದ್ದರೆ ನನ್ನ ದಿನ ಚೆನ್ನಾಗಿ ಶುರುವಾಗುತ್ತದೆ.

ಚುಕ್ಕಿಗೆ ಈಗ 22 ವರ್ಷ. ಕಂದು ಬಣ್ಣದ ಥರೋಬ್ರೆಡ್ (ರೇಸಿನ ತಳಿ) ಹೆಣ್ಣು ಕುದುರೆ, ಹಣೆಯಲ್ಲಿ ಬೊಟ್ಟಿನಷ್ಟು ಬಿಳಿ. ಪ್ರಾಯದಲ್ಲಿ ಚಳಿಗಾಲಕ್ಕೆ ಮುಂಬೈಯ ಮಹಾಲಕ್ಷ್ಮಿ, ಮಳೆಗಾಲಕ್ಕೆ ಪುಣೆ ಕ್ಯಾಂಪಿನ ರೇಸ್ ಕೋರ್ಸ್ ಅಂತ ಓಡಿದವಳು. ಆಮೇಲೆ ಹನ್ನೊಂದು ವರ್ಷ ರೈಡಿಂಗ್ ಶಾಲೆಯೊಂದರಲ್ಲಿ ಮಕ್ಕಳನ್ನು ಹೊತ್ತಳು. ನನ್ನನ್ನೂ ಹೊತ್ತಳು. ಧಾರವಾಡದಲ್ಲಿ ಟಾಂಗಾದ ಕುದುರೆ ಬಿಟ್ಟರೆ ಬೇರೆ ಕುದುರೆಯನ್ನೇ ಹತ್ತಿರದಿಂದ ನೋಡದ ನಾನು, 36ನೇ ವಯಸ್ಸಿನಲ್ಲಿ ಮೊದಲ ಸಲ ಲಗಾಮು ಹಿಡಿದದ್ದು ಇವಳ ಮೇಲೆ ಕೂತು. ಆ ಶಾಲೆಗೆ ಇವಳು ಬೇಡವಾದಾಗ ನಾನು ಕರೆದುಕೊಂಡು ಬಂದೆ. ಐದು ವರ್ಷವಾಯಿತು.

ಕಾಕಾ ಸಿಂದಗಿ ಕಡೆಯವರು. ಲಾಯದ ಕೆಲಸಕ್ಕೆ ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಗಿದೆ. ನಾನು ಕನ್ನಡದವಳು ಅಂತ ಗೊತ್ತಾದ ದಿನದಿಂದ ನಮ್ಮಿಬ್ಬರ ಮಾತು ಕನ್ನಡದಲ್ಲೇ. ಚುಕ್ಕಿಯ ಕಾಲಿನಲ್ಲಿ ಏನೋ ಸರಿಯಿಲ್ಲ ಅಂತ ಮೊದಲು ಹೇಳಿದವರೂ ಅವರೇ. ಆಗ ಜುಲೈ. ನಮ್ಮ ಲಾಯ ಇರುವ ಮುಳಶಿ ಕಡೆಯ ಮಳೆ ಗೊತ್ತಲ್ವಾ, ಶುರುವಾದರೆ ವಾರಗಟ್ಟಲೆ ನಿಲ್ಲುವುದಿಲ್ಲ. ಕುದುರೆಗಳು ಲಾಯದೊಳಗೆ ನಿಂತೇ ಇದ್ದವು.

"ಅಕ್ಕಾರ, ಮುಂಜಾನೆ ಕಾಲು ಬಿಗಿಯಾಕತ್ತಾವ ಇದಕ್ಕ. ನಾಕ ಹೆಜ್ಜಿ ಹಾಕಿದ ಮ್ಯಾಲ ಸಡಲ ಆಗ್ತಾವ" ಅಂದರು.

ಡಾಕ್ಟರು ಬಂದರು. ಮೊದಲು ಗೊರಸು ಮುಟ್ಟಿ ಬಿಸಿ ಇದೆಯಾ ನೋಡಿದರು, ಗೊರಸಿನ ಮೇಲ್ಗಡೆ ಬೆರಳಿಟ್ಟು ನಾಡಿ ನೋಡಿದರು. ವಯಸ್ಸಾದ ಕುದುರೆ ಹೆಜ್ಜೆ ಇಡಲು ಹಿಂದೇಟು ಹಾಕಿದರೆ ಅದು ಕೀಲು ನೋವೇ ಆಗಬೇಕೆಂದಿಲ್ಲ, ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಉರಿಯೂತ ಆಗಿರಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ, ತಡಮಾಡುವ ಹಾಗೂ ಇಲ್ಲ. ಅದಲ್ಲ ಅಂತ ಖಾತ್ರಿಯಾದ ಮೇಲೆ ಹಿಂಗಾಲನ್ನು ಮೇಲಕ್ಕೆ ಮಡಚಿ ಒಂದು ನಿಮಿಷ ಹಿಡಿದುಕೊಂಡರು. ಬಿಟ್ಟ ತಕ್ಷಣ ಕಾಕಾ ಅವಳನ್ನು ಓಡಿಸಿದರು. ಮೊದಲ ಐದಾರು ಹೆಜ್ಜೆ ಕಣ್ಣಿಗೆ ಹೊಡೆಯುವ ಹಾಗೆ ಕುಂಟಿದಳು. ಎಕ್ಸ್‌ರೇಯಲ್ಲಿ ಹಿಂಗಾಲಿನ ಹಾಕ್ (ಕಾಲಿನ ನಡುವೆ ಹಿಂದಕ್ಕೆ ಚಾಚಿದ) ಕೀಲಿನ ಕೆಳಭಾಗ ಸವೆದದ್ದು ಕಂಡಿತು. ಬಲ ಮುಂಗಾಲಿನ ಮಂಡಿಯಲ್ಲೂ ಸ್ವಲ್ಪ. ಆರ್ಥ್ರೈಟಿಸ್, ಅಂದರೆ ಸಂಧಿವಾತ. ಸವೆದ ಕಾರ್ಟಿಲೇಜ್ (ಕೀಲಿನ ಮೃದು ಎಲುಬು) ವಾಪಸ್ ಬೆಳೆಯುವುದಿಲ್ಲ, ನೋವು ಕಡಿಮೆ ಮಾಡಬಹುದು, ಸವೆತ ನಿಧಾನ ಮಾಡಬಹುದು ಅಂದರು.

ಅವತ್ತು ರಾತ್ರಿ ಕೋಥರೂಡಿನ ಮನೆಗೆ ಬಂದವಳು ಫೋನ್ ಹಿಡಿದು ಕೂತೆ. ಒಂದು ವಾರದಲ್ಲಿ ಕೀಲು ನೋವಿಗೆ ಅಂತ ಮಾರುವ ಸಪ್ಲಿಮೆಂಟಿನ ಮೂರು ಡಬ್ಬಿ ಬಂದವು. ಒಂದು ಗ್ಲುಕೋಸಮೈನ್ ಪುಡಿ, ಒಂದು ಅದರ ಜೊತೆ ಕಾಂಡ್ರಾಯ್ಟಿನ್ ಮತ್ತು ಎಂಎಸ್‌ಎಂ (ಗಂಧಕದ ಒಂದು ಸಂಯುಕ್ತ) ಸೇರಿಸಿದ್ದು, ಇನ್ನೊಂದು ಗಿಡಮೂಲಿಕೆಯದು. ಮೂರಕ್ಕೂ ಸೇರಿ 17,000 ರೂಪಾಯಿ. ಅಷ್ಟು ವರ್ಷ ನಮ್ಮನ್ನೆಲ್ಲ ಹೊತ್ತ ಕಾಲು ಅದು. ಸುಮ್ನೆ ನೋಡುತ್ತಾ ಕೂರಲು ನನ್ನಿಂದ ಆಗಲಿಲ್ಲ.

ಎರಡು ತಿಂಗಳಲ್ಲಿ ಚುಕ್ಕಿ ಸುಧಾರಿಸಿದಳು. ನಾನು ಖುಷಿಯಿಂದ ಡಾಕ್ಟರಿಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: ಮೂರರಲ್ಲಿ ಯಾವುದರಿಂದ? ನನ್ನ ಹತ್ತಿರ ಉತ್ತರ ಇರಲಿಲ್ಲ. ಯೋಚಿಸಿದರೆ, ಅಷ್ಟರಲ್ಲಿ ಮಳೆಯೂ ಕಡಿಮೆಯಾಗಿತ್ತು, ಅವಳು ಮತ್ತೆ ಹೊರಗೆ ಬಯಲಲ್ಲಿ ಓಡಾಡುತ್ತಿದ್ದಳು, ಅವರೇ ಬರೆದುಕೊಟ್ಟ ನೋವಿನ ಔಷಧವೂ ನಡೆದಿತ್ತು. ಡಬ್ಬಿಯ ಹಿಂದೆ ಬರೆದದ್ದನ್ನು ಕೂತು ಓದಿ ಅಂದರು.

ಓದಿದೆ. ಪೆನ್ನು ಹಿಡಿದು ಲೆಕ್ಕ ಹಾಕಿದೆ. ಕುದುರೆ ಸಾಕುವ ಯಾರೇ ಆಗಲಿ, ಡಬ್ಬಿ ಕೊಳ್ಳುವ ಮುಂಚೆ ಈ ಲೆಕ್ಕ ಹಾಕಲೇಬೇಕು, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಒಂದು ಡಬ್ಬಿಯಲ್ಲಿ ಹೀಗಿತ್ತು: ಒಂದು ಕೆಜಿ ಪುಡಿಯಲ್ಲಿ 50 ಗ್ರಾಂ ಗ್ಲುಕೋಸಮೈನ್, ದಿನಕ್ಕೆ ಒಂದು ಅಳತೆ ಚಮಚ, ಚಮಚಕ್ಕೆ 30 ಗ್ರಾಂ. ಅಂದರೆ ಒಂದು ಚಮಚದಲ್ಲಿ ಒಂದೂವರೆ ಗ್ರಾಂ. ನನ್ನ ಅತ್ತೆಯ ಮಂಡಿನೋವಿನ ಮಾತ್ರೆಯಲ್ಲೂ ದಿನಕ್ಕೆ ಅಷ್ಟೇ ಇತ್ತು, 1,500 ಮಿಲಿಗ್ರಾಂ. ಅತ್ತೆಯ ತೂಕ 68 ಕೆಜಿ. ಚುಕ್ಕಿಯ ತೂಕ ಆಗ 460 ಕೆಜಿ. ಕುದುರೆಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ ಸುಮಾರು 10 ಗ್ರಾಂ. ಅಷ್ಟು ಆಗಬೇಕಾದರೆ ಆ ಪುಡಿಯನ್ನು ಏಳು ಚಮಚ ಹಾಕಬೇಕು. ತಿಂಗಳು ಬರುತ್ತದೆ ಅಂದುಕೊಂಡ ಡಬ್ಬಿ ಐದು ದಿನಕ್ಕೆ ಖಾಲಿ. ಉಳಿದದ್ದೆಲ್ಲ ಏನು ಅಂತ ನೋಡಿದರೆ ತೌಡು, ಕಾಕಂಬಿ, ವಾಸನೆ. ವಯಸ್ಸಾದ ಕುದುರೆಗೆ ಸಕ್ಕರೆ ಅಂಶವೇ ಕಮ್ಮಿ ಇರಬೇಕು, ಅದರಲ್ಲಿ ಕಾಕಂಬಿ ಬೇರೆ.

ಇನ್ನೊಂದು ಡಬ್ಬಿಯಲ್ಲಿ ಹದಿನಾಲ್ಕು ಪದಾರ್ಥಗಳ ಹೆಸರಿತ್ತು. ಯಾವುದು ಎಷ್ಟು ಅಂತ ಒಂದಕ್ಕೂ ಇರಲಿಲ್ಲ. ಪ್ರಮಾಣ ಬರೆಯದ ಡಬ್ಬಿಯನ್ನು ನಾನೀಗ ಕೈಯಲ್ಲೂ ಹಿಡಿಯುವುದಿಲ್ಲ. ಬರೆದಿದ್ದರೂ ಪೂರ್ತಿ ನಂಬುವ ಹಾಗಿಲ್ಲ ಅನ್ನುವುದು ಬೇರೆ ಮಾತು. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕುದುರೆಗಳ 23 ಗ್ಲುಕೋಸಮೈನ್ ಉತ್ಪನ್ನಗಳನ್ನು ಲ್ಯಾಬಿನಲ್ಲಿ ಅಳೆದರು. 9ರಲ್ಲಿ ಲೇಬಲ್ ಹೇಳಿದ್ದಕ್ಕಿಂತ ಕಡಿಮೆ ಇತ್ತು. 4ರಲ್ಲಿ ಹೇಳಿದ್ದರ ಮೂರನೇ ಒಂದು ಭಾಗವೂ ಇರಲಿಲ್ಲ.

ಇದನ್ನೆಲ್ಲ ಧಾರವಾಡಕ್ಕೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಗ್ಲುಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ಬರುತ್ತದೆ, ಕಾಂಡ್ರಾಯ್ಟಿನ್ ದನ, ಹಂದಿ, ಶಾರ್ಕ್ ಮೀನಿನ ಮೃದು ಎಲುಬಿನಿಂದ ಬರುತ್ತದೆ ಅಂದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಾದಳು. "ಹುಲ್ಲು ತಿನ್ನೋ ಪ್ರಾಣಿಗೆ ಯಾಕವ್ವ ಅದು? ಅರಿಶಿಣ ಹಾಕು" ಅಂದಳು. ಅವ್ವನ ಮಾತನ್ನು ತೆಗೆದುಹಾಕಲಿಲ್ಲ, ಡಾಕ್ಟರನ್ನು ಕೇಳಿದೆ. ಅರಿಶಿಣದ ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಕುದುರೆಯಲ್ಲಿ ಅದು ಕೀಲಿಗೆ ಕೆಲಸ ಮಾಡುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ ಅಂದರು. ಗ್ಲುಕೋಸಮೈನಿನ ಕಥೆಯೂ ದೂರದ್ದಲ್ಲ. ಕುದುರೆಗೆ ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರುವುದು ನೂರಕ್ಕೆ ಸುಮಾರು 6 ಭಾಗ. ಲ್ಯಾಬಿನಲ್ಲಿ ಕಾರ್ಟಿಲೇಜ್ ತುಣುಕಿನ ಮೇಲೆ ಪರಿಣಾಮ ತೋರಿಸುವ ಪ್ರಮಾಣ ಜೀವಂತ ಕುದುರೆಯ ಕೀಲಿನೊಳಗೆ ತಲುಪುವುದೇ ಇಲ್ಲ. 2014ರಲ್ಲಿ 24 ಮುದಿ ಕುದುರೆಗಳ ಮೇಲಿನ ಪ್ರಯೋಗವೊಂದು ಪ್ರಕಟವಾಯಿತು. ಕೆಲವಕ್ಕೆ ಮೂರು ತಿಂಗಳು ಗ್ಲುಕೋಸಮೈನ್, ಕಾಂಡ್ರಾಯ್ಟಿನ್, ಎಂಎಸ್‌ಎಂ ಇರುವ ಪುಡಿ ಕೊಟ್ಟರು, ಉಳಿದವಕ್ಕೆ ಏನೂ ಇಲ್ಲದ ಪುಡಿ. ನಡಿಗೆಯಲ್ಲಿ ಆ ಪುಡಿಯಿಂದ ಸುಧಾರಣೆ ಕಾಣಲಿಲ್ಲ.

ಈ ಮಧ್ಯೆ ಕಾಕಾ ಇನ್ನೊಂದು ವಿಷಯ ತೋರಿಸಿದರು. ಇಡೀ ಕಥೆ ತಿರುಗಿದ್ದು ಅಲ್ಲಿ. ಚುಕ್ಕಿಯ ಎರಡೂ ಮುಂಗಾಲಿನ ಗೆಣ್ಣಿನ (ಗೊರಸಿನ ಮೇಲಿನ ಕೀಲಿನ) ಮುಂಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಚರ್ಮ ಕಿತ್ತಿತ್ತು. ಒಣಗುತ್ತಿತ್ತು, ಮತ್ತೆ ಕೀಳುತ್ತಿತ್ತು. ಹಗ್ಗ ತಗುಲಿರಬೇಕು ಅಂದುಕೊಂಡೆವು. ಡಾಕ್ಟರು ಆ ಗಾಯ ನೋಡಿ ಕೇಳಿದರು: ಇವಳು ರಾತ್ರಿ ಮಲಗುತ್ತಾಳಾ?

ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ಅದು ಅರ್ಧ ನಿಜ. ತೂಕಡಿಕೆ ನಿಂತೇ ಆಗುತ್ತದೆ. ಆದರೆ ಆಳದ ನಿದ್ದೆ, ಕನಸು ಬೀಳುವ ನಿದ್ದೆ, ಅದಕ್ಕೆ ಕುದುರೆ ನೆಲಕ್ಕೆ ಒರಗಲೇಬೇಕು. ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು, ಆದರೆ ಅಷ್ಟು ಬೇಕೇ ಬೇಕು. ಕೀಲು ನೋಯುವ ಕುದುರೆಗೆ ಮಲಗುವುದಕ್ಕಿಂತ ಮತ್ತೆ ಏಳುವುದೇ ಭಯ. ಹಾಗಾಗಿ ಅದು ಮಲಗುವುದನ್ನೇ ಬಿಡುತ್ತದೆ. ದಿನಗಟ್ಟಲೆ ಹಾಗೇ ಇದ್ದರೆ, ನಿಂತಲ್ಲೇ ಆಳದ ನಿದ್ದೆ ಹಿಡಿದು ಮುಂಗಾಲು ಮಡಚಿಕೊಂಡು ಕುಸಿಯುತ್ತದೆ. ಗೆಣ್ಣು ನೆಲಕ್ಕೆ ಉಜ್ಜುತ್ತದೆ. ಬೆಚ್ಚಿ ಮತ್ತೆ ನಿಲ್ಲುತ್ತದೆ. ಆ ಗಾಯ ಅದರಿಂದ ಆದದ್ದು.

ನಾನು ಲಾಯದ ಕಂಬ ಹಿಡಿದು ಅತ್ತುಬಿಟ್ಟೆ. ತಿಂಗಳಾನುಗಟ್ಟಲೆ ಅವಳು ಸರಿಯಾಗಿ ನಿದ್ದೆಯೇ ಮಾಡಿರಲಿಲ್ಲ, ನಾನು ಯಾವ ಪುಡಿ ತರಲಿ ಅಂತ ಹುಡುಕುತ್ತಿದ್ದೆ.

ಅಲ್ಲಿಂದ ಡಬ್ಬಿಗಳನ್ನೆಲ್ಲ ನಿಲ್ಲಿಸಿದೆವು. ನಾಲ್ಕು ವಾರ ಏನೂ ಬದಲಿಸದೆ ಬರೀ ಎಣಿಸಿದೆವು. ಬೆಳಿಗ್ಗೆ ಪಕ್ಕೆಗೆ ಹುಲ್ಲು ಅಂಟಿದ್ದರೆ ಮಲಗಿದ್ದಾಳೆ, ಇಲ್ಲದಿದ್ದರೆ ಇಲ್ಲ. ಕಾಕಾ ಲಾಯದ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದರು. 28 ಬೆಳಗಿನಲ್ಲಿ 6 ಗೆರೆ.

ಆಮೇಲೆ ಪುಡಿಯಲ್ಲದ ಕೆಲಸಗಳು. ಮೊದಲು ನೆಲ. ಗಟ್ಟಿ ನೆಲದ ಮೇಲೆ ತೆಳ್ಳಗೆ ಹರಡಿದ್ದ ಹುಲ್ಲಿನ ಬದಲು ಒಂದು ಮೊಳ ದಪ್ಪಕ್ಕೆ ಭತ್ತದ ಹುಲ್ಲು ಹಾಕಿದೆವು, ಕೆಳಗೆ ರಬ್ಬರ್ ಮ್ಯಾಟ್. ಮುಳಶಿ ಭತ್ತದ ಸೀಮೆ, ಹುಲ್ಲಿಗೆ ಬರವಿಲ್ಲ. ಲಾಯದ ಪಕ್ಕದ ಖೋಲಿ ಖಾಲಿಯಿತ್ತು, ನಡುವಿನ ಗೋಡೆ ತೆಗೆಸಿ ಜಾಗ ದೊಡ್ಡದು ಮಾಡಿಸಿದೆ. ಏಳುವಾಗ ಕುದುರೆ ಮುಂಗಾಲು ಚಾಚಿ ತಲೆ ಬೀಸುತ್ತದೆ, ಅದಕ್ಕೆ ಜಾಗ ಬೇಕು.

ಆಮೇಲೆ ತೂಕ. ಟೈಲರ್ ಟೇಪಿನಿಂದ ಎದೆಯ ಸುತ್ತಳತೆ ತೆಗೆದುಕೊಂಡರೆ 186 ಸೆಂಟಿಮೀಟರ್. ಭುಜದ ತುದಿಯಿಂದ ಪೃಷ್ಠದ ತುದಿಗೆ 158. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹತ್ತಿರತ್ತಿರ ತೂಕ ಬರುತ್ತದೆ. ಆ 460 ಕೆಜಿ ಬಂದದ್ದು ಹಾಗೆ. ಪಕ್ಕೆಲುಬು ಕೈಗೆ ಸಿಗುತ್ತಲೇ ಇರಲಿಲ್ಲ. ಕಾಕಾ ಪ್ರೀತಿಯಿಂದ ದಿನಾ ಬೇಯಿಸಿದ ಹುರುಳಿ ಕೊಡುತ್ತಿದ್ದರು. ಹುರುಳಿಗೆ ಇಂಗ್ಲಿಷಿನವರು ಕುದುರೆಯ ಹೆಸರನ್ನೇ ಇಟ್ಟಿದ್ದಾರೆ, ನಮ್ಮ ಹಳೇ ಲಾಯಗಳೆಲ್ಲ ಅದರ ಮೇಲೇ ನಡೆದವು. ಆದರೆ ಅದು ದಿನವಿಡೀ ದುಡಿಯುವ ಕುದುರೆಯ ಊಟ. ಹುರುಳಿ, ಓಟ್ಸ್ ಎರಡೂ ಕಡಿಮೆ ಮಾಡಿ ಒಣಹುಲ್ಲು ಹೆಚ್ಚು ಮಾಡಿದೆವು. ಕಾಕಾಗೆ ಬಹಳ ಬೇಜಾರಾಯಿತು. ನಾಲ್ಕು ತಿಂಗಳಿಗೆ ಸುತ್ತಳತೆ 180ಕ್ಕೆ ಬಂತು, ತೂಕ 431. ನೋಯುವ ಕೀಲಿನ ಮೇಲಿಂದ 29 ಕೆಜಿ ಇಳಿಯಿತು. ಅಷ್ಟು ಕೆಲಸ ಮಾಡುವ ಪುಡಿ ಯಾವ ಅಂಗಡಿಯಲ್ಲೂ ಇಲ್ಲ ಅಂತ ಈಗ ನನಗನಿಸುತ್ತದೆ.

ಲಾಳದವರು ಆರು ವಾರಕ್ಕೊಮ್ಮೆ ಬರುವ ಹಾಗೆ ಮಾಡಿದೆ. ಗೊರಸಿನ ಮೂತಿ ಉದ್ದ ಬೆಳೆದರೆ ಪ್ರತಿ ಹೆಜ್ಜೆಗೂ ಕೀಲಿನ ಮೇಲೆ ಎಳೆತ ಜಾಸ್ತಿ. ಮಳೆ ಇರಲಿ ಬಿಡಲಿ, ಬೆಳಿಗ್ಗೆ ಸಂಜೆ ಇಪ್ಪತ್ತು ನಿಮಿಷ ಕೈಹಿಡಿದು ನಡೆಸುವುದು ನಿಂತಿಲ್ಲ. ಶನಿವಾರ ಭಾನುವಾರ ನಾನು ನಡೆಸುತ್ತೇನೆ.

ನೋವು ಜಾಸ್ತಿ ಇದ್ದ ದಿನಗಳಿಗೆ ಡಾಕ್ಟರು ಮೆಲಾಕ್ಸಿಕ್ಯಾಮ್ ಬರೆದುಕೊಟ್ಟಿದ್ದಾರೆ. ಇದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಯಾರೋ ಹಳೇ ಪರಿಚಯದವರು, "ಡಿಕ್ಲೋಫೆನಾಕ್ ಹಾಕಿಸಿ, ಅಗ್ಗ" ಅಂದಿದ್ದರು. ದನಕರು, ಕುದುರೆಗಳಿಗೆ ಅದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. ಅದು ಮೈಯಲ್ಲಿರುವಾಗ ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತವೆ. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಒಂದು ರಣಹದ್ದು ಕಾಣಲು ಬೈನಾಕ್ಯುಲರ್ ಹಿಡಿದು ಅರ್ಧ ದಿನ ಕೂತವಳು ನಾನು. ಮೆಲಾಕ್ಸಿಕ್ಯಾಮ್ ರಣಹದ್ದುಗಳಿಗೆ ಅಪಾಯವಿಲ್ಲದ್ದು. ಆದರೂ ಕುದುರೆಯ ಹೊಟ್ಟೆ ಸೂಕ್ಷ್ಮ, ಯಾವ ನೋವಿನ ಔಷಧವೂ ಹುಣ್ಣು ಮಾಡಬಹುದು, ಎರಡನ್ನು ಒಟ್ಟಿಗೆ ಕೊಡಲೇಬಾರದು. ಇದು ಡಾಕ್ಟರ ಕೈಯಲ್ಲೇ ಇರಬೇಕಾದ ವಿಷಯ.

ಮೂರು ತಿಂಗಳಾದ ಮೇಲೆ ಎಣಿಸಿದರೆ 28ರಲ್ಲಿ 19 ಗೆರೆ. ಪುಡಿ ಒಂದೂ ಇಲ್ಲದೆ.

ಆಮೇಲೇ ನಾನು ಮತ್ತೆ ಸಪ್ಲಿಮೆಂಟ್ ಕಡೆ ನೋಡಿದ್ದು. ಈ ಸಲ ಒಂದೊಂದೇ. ಬೇರೆ ಏನನ್ನೂ ಸೇರಿಸದ ಗ್ಲುಕೋಸಮೈನ್ ತಂದು, ದಿನಕ್ಕೆ 10 ಗ್ರಾಂ ಲೆಕ್ಕದಲ್ಲಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿದೆ. ಎಂಟು ವಾರಕ್ಕೆ 56 ಪೊಟ್ಟಣ. ಇಂಥವು ಕೆಲಸ ಮಾಡುವುದಿದ್ದರೂ ಎಂಟು ಹತ್ತು ದಿನದಲ್ಲಿ ತಿಳಿಯುವುದಿಲ್ಲ, ಆರರಿಂದ ಎಂಟು ವಾರ ಕೊಡಬೇಕು. ಅದಾದ ಮೇಲೆ ಇನ್ನೂ 28 ಪೊಟ್ಟಣ ಕಟ್ಟಿದೆ. ಅವುಗಳಲ್ಲಿ ಬರೀ ತೌಡು. ಕಾಕಾಗೆ ಹೇಳಲಿಲ್ಲ. ಪ್ರತಿ ಭಾನುವಾರ ಅದೇ ರಸ್ತೆಯಲ್ಲಿ, ಅದೇ ಮಾವಿನ ಮರದಿಂದ ಗೇಟಿನ ತನಕ ಅವಳನ್ನು ನಡೆಸಿ ವಿಡಿಯೋ ಮಾಡಿದೆ. ಏನು ಕೊಡುತ್ತಿದ್ದೇನೆ ಅಂತ ಹೇಳದೆ ಡಾಕ್ಟರಿಗೆ ತೋರಿಸಿದೆ.

ಗ್ಲುಕೋಸಮೈನ್ ನಡೆದ ಎರಡು ತಿಂಗಳು, 28 ಬೆಳಗಿಗೆ 20, 19 ಗೆರೆ. ತೌಡಿನ ತಿಂಗಳು 20. ವಿಡಿಯೋಗಳಲ್ಲಿ ಡಾಕ್ಟರಿಗೆ ವ್ಯತ್ಯಾಸ ಕಾಣಲಿಲ್ಲ. ತೌಡಿನ ತಿಂಗಳಲ್ಲೇ ಕಾಕಾ, "ಈ ಔಷಧ ಛಲೋ ಐತ್ರಿ ಅಕ್ಕಾರ, ಹೆಜ್ಜಿ ಚೊಕ್ಕ ಬೀಳಾಕತ್ತಾವ" ಅಂದಿದ್ದರು. ಅವರ ಕಣ್ಣು ಸುಳ್ಳು ಹೇಳಿತು ಅಂತ ನಾನು ಹೇಳಲಾರೆ. ಅವಳು ನಿಜವಾಗಿಯೂ ಮೊದಲಿಗಿಂತ ಚೆನ್ನಾಗಿದ್ದಳು. ಪ್ರೀತಿಸುವವರು ಸಣ್ಣ ಸುಧಾರಣೆಯನ್ನೂ ನೋಡುತ್ತಾರೆ, ಕೈಯಲ್ಲಿದ್ದ ಡಬ್ಬಿಗೆ ಅದರ ಪುಣ್ಯ ಸೇರುತ್ತದೆ. ನನ್ನ 17,000 ರೂಪಾಯಿಯ ಡಬ್ಬಿಗಳಿಗೂ ಹಾಗೇ ಸೇರಿತ್ತು.

ಆಮೇಲೆ ಒಮೆಗಾ-3. ನಮ್ಮ ಕಡೆ ಅಗಸೆ ಅಂದರೆ ಪ್ರಾಣ, ರೊಟ್ಟಿಯ ಜೊತೆ ಅಗಸೆ ಚಟ್ನಿ ಇಲ್ಲದೆ ನನಗೆ ಊಟ ಸೇರುವುದಿಲ್ಲ. ಕುದುರೆಗೂ ಅಗಸೆ ಬೇಯಿಸಿ ಹಾಕುವುದು ಹಳೇ ಪದ್ಧತಿ, ಕೂದಲಿಗೆ ಹೊಳಪು ಬರುತ್ತದೆ. ಆದರೆ ಅಗಸೆಯಲ್ಲಿರುವ ಒಮೆಗಾ-3 ಬೇರೆ ಥರದ್ದು. ಕೀಲಿನ ಉರಿಯೂತಕ್ಕೆ ಬೇಕಾದ ಇಪಿಎ, ಡಿಎಚ್‌ಎ ಅನ್ನುವವನ್ನು ಕುದುರೆಯ ಮೈ ಅದರಿಂದ ಬಹಳ ಕಮ್ಮಿ ತಯಾರಿಸಿಕೊಳ್ಳುತ್ತದೆ. ಅವು ಮೀನೆಣ್ಣೆಯಲ್ಲಿವೆ. ಕೆಲವು ಪಾಚಿಗಳಲ್ಲೂ ಡಿಎಚ್‌ಎ ಇದೆ. ಸಂಧಿವಾತದ ಕುದುರೆಗಳಿಗೆ ಇಂಥ ಒಮೆಗಾ-3 ಕೊಟ್ಟಾಗ ಕೀಲಿನ ದ್ರವದಲ್ಲಿ ಉರಿಯೂತದ ಗುರುತು ಕಡಿಮೆಯಾದದ್ದು ಪ್ರಯೋಗದಲ್ಲಿ ಕಂಡಿದೆ. ಮೀನೆಣ್ಣೆಯ ವಾಸನೆಗೆ ಚುಕ್ಕಿ ಮೂತಿ ತಿರುಗಿಸಿ ಬಕೆಟ್ಟನ್ನೇ ಒದ್ದಳು. ಪಾಚಿಯ ಪುಡಿಯನ್ನು ನೆನೆಸಿದ ಹುಲ್ಲಿನ ಜೊತೆ ತಿಂದಳು.

ಅದು ಶುರುವಾದ ಮೇಲೆ ಮೊದಲ ತಿಂಗಳು 22, ಎರಡನೇ ತಿಂಗಳು 23. ಅದರಿಂದಲೇ ಅಂತ ಆಣೆ ಮಾಡಿ ಹೇಳಲಾರೆ, ಅಷ್ಟು ಹೊತ್ತಿಗೆ ಬೇಸಿಗೆಯೂ ಬಂದಿತ್ತು. ಆದರೆ ಹೊಟ್ಟೆಗೆ ತೊಂದರೆ ಮಾಡಿಲ್ಲ, ಖರ್ಚು ಕೈಗೆಟುಕುತ್ತದೆ, ಹಾಗಾಗಿ ಅದೊಂದನ್ನು ಉಳಿಸಿಕೊಂಡಿದ್ದೇನೆ. ಸ್ಪರ್ಧೆಗೆ ಹೋಗುವ ಕುದುರೆ ಇರುವವರು ಗಿಡಮೂಲಿಕೆಯ ಡಬ್ಬಿಗಳ ಬಗ್ಗೆ ಹುಷಾರಾಗಿರಬೇಕು. ಡೆವಿಲ್ಸ್ ಕ್ಲಾ ಅನ್ನುವ ಬೇರು ಸ್ಪರ್ಧೆಯ ನಿಯಮಕ್ಕೆ ವಿರುದ್ಧ, ಗಬ್ಬದ ಕುದುರೆಗೂ ಕೊಡಬಾರದು.

ಗೆಣ್ಣಿನ ಗಾಯ ಪೂರ್ತಿ ಮಾಯ್ದು ಅಲ್ಲಿ ಬಿಳಿ ಕೂದಲು ಬಂದಿದೆ. ಈಗ ಮತ್ತೆ ಜುಲೈ, ಮತ್ತೆ ಮಳೆ. ಚಾಂದಣಿ ಚೌಕ ದಾಟಿ ಭೂಗಾಂವ್ ತಲುಪುವಷ್ಟರಲ್ಲಿ ವೈಪರ್ ಸಾಕಾಗುವುದಿಲ್ಲ. ಈ ವಾರ ಮೂರು ದಿನ ಫೋಟೋದಲ್ಲಿ ಹುಲ್ಲಿರಲಿಲ್ಲ, ನನಗೆ ಆಫೀಸಿನಲ್ಲಿ ಮನಸ್ಸು ನಿಲ್ಲಲಿಲ್ಲ. ಕಾಕಾ ನಡಿಗೆಯನ್ನು ಮಧ್ಯಾಹ್ನಕ್ಕೂ ಒಂದು ಸಲ ಜಾಸ್ತಿ ಮಾಡಿದರು, ಒದ್ದೆ ಹುಲ್ಲನ್ನೆಲ್ಲ ತೆಗೆದು ಹೊಸದು ಹಾಕಿದರು.

ಇವತ್ತು ಆರೂವರೆಗೆ ಫೋಟೋ ಬರಲಿಲ್ಲ. ಏಳು ಗಂಟೆಗೆ ಕಾಕಾರ ದನಿ ಬಂತು. ಮೆಲ್ಲಗೆ, ಪಿಸುಗುಡುವ ಹಾಗೆ ಮಾತಾಡಿದ್ದರು.

"ಅಕ್ಕಾರ, ಫೋಟೋ ಆಮ್ಯಾಲ ಕಳಸ್ತೀನ್ರಿ. ಇನ್ನಾ ಮಲಗೇತಿ. ಗೊರಕಿ ಹೊಡ್ಯಾಕತ್ತೇತಿ, ಎಬ್ಬಸಾಕ ಮನಸ್ಸ ಆಗವಲ್ದು."